ನೆನಪು, ನಿದ್ದೆ, ನೆರವು: ಅನಿಸಿಕೆಯನ್ನು ನಂಬದೆ ಕಲಿಯುವ ಕ್ರಮ

ಮನೋವಿಜ್ಞಾನವನ್ನು ಹೊಸದಾಗಿ ಓದಲು ಕುಳಿತವರಿಗೆ ನೆನಪು, ನಿದ್ದೆ ಮತ್ತು ನೆರವಿನ ವರ್ತನೆ ಎಂಬ ಮೂರು ಅಧ್ಯಾಯಗಳು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ಕಾಣುತ್ತವೆ. ಪಠ್ಯಪುಸ್ತಕಗಳು ಮೊದಲನೆಯದನ್ನು ಕಲಿಕೆಯ ಪಕ್ಕದಲ್ಲಿ, ಎರಡನೆಯದನ್ನು ಪ್ರಜ್ಞೆಯ ಸ್ಥಿತಿಗಳ ಜೊತೆಯಲ್ಲಿ, ಮೂರನೆಯದನ್ನು ಕೊನೆಯ ಪುಟಗಳ ಸಾಮಾಜಿಕ ಮನೋವಿಜ್ಞಾನದಲ್ಲಿ ಇಡುವುದರಿಂದ ಓದುಗರೂ ಅವನ್ನು ಬಿಡಿಬಿಡಿಯಾಗಿಯೇ ಓದಿ ಮುಗಿಸುತ್ತಾರೆ. ಆದರೆ ಈ ಮೂರನ್ನೂ ಹೊಲಿಯುವ ಒಂದು ಎಳೆ ಇದೆ. ಓದಿದ್ದು ತಲೆಗೆ ಹೋಗಿದೆ ಎಂಬ ಅನಿಸಿಕೆ, ಇಷ್ಟು ನಿದ್ದೆ ಸಾಕು ಎಂಬ ಅನಿಸಿಕೆ, ಕಷ್ಟದಲ್ಲಿರುವವರನ್ನು ಕಂಡರೆ ನಾನು ಖಂಡಿತ ನಿಲ್ಲುತ್ತೇನೆ ಎಂಬ ಅನಿಸಿಕೆ, ಇವು ಮೂರೂ ಪ್ರಯೋಗಕ್ಕೆ ಒಡ್ಡಿದಾಗ ಮತ್ತೆ ಮತ್ತೆ ಸೋತಿವೆ. ಹಾಗಾಗಿ ಈ ಮಾರ್ಗದರ್ಶಿಯ ಪ್ರತಿ ಹೆಜ್ಜೆಯಲ್ಲೂ ಅನಿಸಿಕೆಯ ಜಾಗದಲ್ಲಿ ಒಂದು ಅಳತೆಯನ್ನೋ ಮುಂಚಿತವಾದ ಏರ್ಪಾಟನ್ನೋ ಇಡಲಾಗಿದೆ. ಒಂದು ನೋಟ್‌ಪುಸ್ತಕ, ಒಂದು ಪೆನ್ನು ಮತ್ತು ಎರಡು ವಾರಗಳ ತಾಳ್ಮೆ ಇದ್ದರೆ ಸಾಕು.

ಮೊದಲ ಹೆಜ್ಜೆ: ಪುಸ್ತಕ ಮುಚ್ಚಿ ಬರೆಯಿರಿ

ಒಂದು ಪುಟವನ್ನು ಮೂರನೆಯ ಬಾರಿ ಓದುವಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ, ಕಣ್ಣು ಸರಾಗವಾಗಿ ಜಾರುತ್ತದೆ, ಮನಸ್ಸು ‘ಇದು ಗೊತ್ತಿರುವುದೇ’ ಎಂದು ತೀರ್ಮಾನಿಸುತ್ತದೆ. ಇಲ್ಲಿ ನಡೆದಿರುವುದು ಗುರುತಿಸುವಿಕೆ. ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ ಅಥವಾ ಇನ್ನೊಬ್ಬರಿಗೆ ವಿವರಿಸುವಾಗ ಬೇಕಾಗುವುದು ಮರುಸ್ಮರಣೆ. ಎದುರಿಗೆ ಬಂದ ಮುಖವನ್ನು ಗುರುತಿಸುವುದಕ್ಕೂ ಆ ವ್ಯಕ್ತಿಯ ಹೆಸರನ್ನು ನಾಲಿಗೆಗೆ ತರುವುದಕ್ಕೂ ಇರುವ ಅಂತರ ಇವೆರಡರ ನಡುವೆಯೂ ಇದೆ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಅಂತರವನ್ನು ಅಂಕಿಗಳಲ್ಲಿ ತೋರಿಸಿತು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದ ಮೇಲೆ ಅದನ್ನು ಇನ್ನೊಮ್ಮೆ ಓದುತ್ತಿದ್ದರು, ಇಲ್ಲವೇ ಪುಟ ನೋಡದೆ ನೆನಪಿದ್ದಷ್ಟನ್ನು ಬರೆಯುತ್ತಿದ್ದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮರುಓದಿಗೆ ಶೇ. 81, ಬರೆದುದಕ್ಕೆ ಶೇ. 75 ಬಂತು. ಒಂದು ವಾರದ ನಂತರ ಸ್ಥಾನ ಅದಲುಬದಲಾಯಿತು: ಮರುಓದಿಗೆ ಶೇ. 42, ಬರೆದುದಕ್ಕೆ ಶೇ. 56. ಅದೇ ಸಂಶೋಧನೆಯ ಎರಡನೆಯ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದ ಗುಂಪೇ ತಮಗೆ ಹೆಚ್ಚು ನೆನಪಿರುತ್ತದೆ ಎಂದು ನಂಬಿತ್ತು. ಕಡಿಮೆ ಕಲಿತವರಿಗೆ ಹೆಚ್ಚು ವಿಶ್ವಾಸವಿತ್ತು ಎಂಬ ಈ ವಿವರವೇ ನನ್ನ ಮಟ್ಟಿಗೆ ಆ ಪ್ರಯೋಗದ ತಿರುಳು.

ಮಾಡಬೇಕಾದದ್ದು ಇಷ್ಟು. ಒಂದು ಉಪಶೀರ್ಷಿಕೆಯಷ್ಟು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಅರ್ಧಕ್ಕೆ ನಿಂತುಹೋದರೆ ತಕ್ಷಣ ಪುಟ ತೆರೆಯದೆ ಒಂದೆರಡು ನಿಮಿಷ ತಡಕಾಡಿ. ಈ ತಡಕಾಟ ಹಿತವಾಗಿರುವುದಿಲ್ಲ, ಸಮಯ ವ್ಯರ್ಥವಾಗುತ್ತಿದೆ ಎಂದೂ ಅನಿಸುತ್ತದೆ. ಆದರೆ ನೆನಪು ಗಟ್ಟಿಯಾಗುವುದು ಅಲ್ಲಿಯೇ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಿ. ಆ ಬಣ್ಣದ ಸಾಲುಗಳೇ ನೀವು ನಿಜವಾಗಿ ಓದಬೇಕಾದ ಪಾಠ.

ಎರಡನೆಯ ಹೆಜ್ಜೆ: ನೆನಪಿನ ಕಟ್ಟಡದೊಳಗೆ ಒಂದು ಸುತ್ತು ಹಾಕಿ

ಅಲ್ಪಾವಧಿ ಸ್ಮೃತಿ, ದೀರ್ಘಾವಧಿ ಸ್ಮೃತಿ ಎಂಬ ಪೆಟ್ಟಿಗೆಗಳ ಚಿತ್ರವನ್ನು ಬಾಯಿಪಾಠ ಮಾಡುವ ಮೊದಲು ಅವೆರಡೂ ಬೇರೆ ಎಂದು ಏಕೆ ಹೇಳುತ್ತಾರೆ ಎಂಬುದನ್ನು ತಿಳಿಯಿರಿ. ಅದಕ್ಕೆ ಹೆನ್ರಿ ಮೊಲೈಸನ್ ಅವರ ಪ್ರಕರಣಕ್ಕಿಂತ ಒಳ್ಳೆಯ ದಾರಿಯಿಲ್ಲ. ತೀವ್ರ ಅಪಸ್ಮಾರದಿಂದ ಬಳಲುತ್ತಿದ್ದ ಅವರಿಗೆ 1953ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಮೆದುಳಿನ ಎರಡೂ ಬದಿಯಲ್ಲಿರುವ, ಹೊಸ ನೆನಪು ಕಟ್ಟಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ಸುತ್ತಲಿನ ಅಂಗಾಂಶದೊಂದಿಗೆ ತೆಗೆಯಲಾಯಿತು. ಆ ನಂತರ ಅವರು ಕೆಲವು ಅಂಕಿಗಳನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಇಟ್ಟುಕೊಳ್ಳಬಲ್ಲವರಾಗಿದ್ದರು, ಮಾತು ಸರಾಗವಾಗಿತ್ತು, ಬಾಲ್ಯದ ಸಂಗತಿಗಳೂ ನೆನಪಿದ್ದವು. ಆದರೆ ಹೊಸದಾಗಿ ಭೇಟಿಯಾದವರು ಕೋಣೆಯಿಂದ ಹೊರಗೆ ಹೋಗಿ ಮರಳಿದರೆ ಮತ್ತೆ ಅಪರಿಚಿತರೇ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕಾರವನ್ನು ತಿದ್ದುವ ಕೆಲಸ ಕೊಟ್ಟಾಗ ಮೊಲೈಸನ್ ಅವರ ಕೈ ದಿನದಿಂದ ದಿನಕ್ಕೆ ಪಳಗಿತು, ಆದರೆ ಹಿಂದೆಂದೂ ಆ ಕೆಲಸ ಮಾಡಿದ ನೆನಪು ಅವರಿಗಿರಲಿಲ್ಲ. ತಲೆ ಮರೆತದ್ದನ್ನು ಕೈ ಕಲಿತಿತ್ತು. ನೆನಪು ಎಂಬುದು ಒಂದೇ ಉಗ್ರಾಣವಲ್ಲ ಎಂಬ ಮಾತಿಗೆ ಇದು ಗಟ್ಟಿಯಾದ ಆಧಾರ.

ಇನ್ನು ಅಲ್ಪಾವಧಿ ಸ್ಮೃತಿಯ ಗಾತ್ರದ ವಿಚಾರ. ಜಾರ್ಜ್ ಮಿಲ್ಲರ್ 1956ರಲ್ಲಿ ಅದನ್ನು ಒಮ್ಮೆಗೆ ಏಳು ಸಂಗತಿಗಳು, ಹೆಚ್ಚೆಂದರೆ ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದರು. ನೆಲ್ಸನ್ ಕೋವನ್ 2001ರಲ್ಲಿ ಅದು ನಾಲ್ಕರ ಆಸುಪಾಸು ಎಂದು ವಾದಿಸಿದರು. ಯಾವ ಸಂಖ್ಯೆ ಹಿಡಿದರೂ ಓದುಗರಿಗೆ ಸಿಗುವ ಸಲಹೆ ಒಂದೇ: ಬಿಡಿ ಸಂಗತಿಗಳನ್ನು ಅರ್ಥದ ಗೊಂಚಲುಗಳಾಗಿ ಕಟ್ಟಿ. 194719562001 ಎಂಬ ಹನ್ನೆರಡು ಅಂಕಿಗಳು ಭಾರ. 1947, 1956, 2001 ಎಂಬ ಮೂರು ಇಸವಿಗಳು ಹಗುರ.

ಮೂರನೆಯ ಹೆಜ್ಜೆ: ಓದನ್ನು ದಿನಗಳ ಮೇಲೆ ಹರಡಿ

ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾವೇ ಕಂಠಪಾಠ ಮಾಡಿ, ಬೇರೆ ಬೇರೆ ಅಂತರಗಳ ನಂತರ ಅವನ್ನೇ ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಇಪ್ಪತ್ತು ನಿಮಿಷಗಳ ನಂತರ ಶೇ. 58ರಷ್ಟು, ಒಂದು ದಿನದ ನಂತರ ಶೇ. 34ರಷ್ಟು, 31 ದಿನಗಳ ನಂತರ ಶೇ. 21ರಷ್ಟು ಉಳಿತಾಯ ಕಂಡಿತು. ಈ ಅಂಕಿಗಳನ್ನು ಅನೇಕರು ‘ಒಂದು ದಿನದಲ್ಲಿ ಮೂರನೇ ಎರಡು ಭಾಗ ಮರೆತುಹೋಗುತ್ತದೆ’ ಎಂದು ಅನುವಾದಿಸಿಬಿಡುತ್ತಾರೆ. ಅದು ಸರಿಯಲ್ಲ. ಅಳೆದದ್ದು ಮರುಕಲಿಕೆಯಲ್ಲಿ ಉಳಿದ ಶ್ರಮವನ್ನು, ಕಲಿತದ್ದು ಅರ್ಥವಿಲ್ಲದ ಪಟ್ಟಿಯನ್ನು, ಕಲಿತವರು ಒಬ್ಬರೇ. ಅರ್ಥವಿರುವ ವಿಷಯ ಇಷ್ಟು ಬೇಗ ಸೋರುವುದಿಲ್ಲ. ಆದರೂ ರೇಖೆಯ ಆಕಾರ, ಅಂದರೆ ಮೊದಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನವಾಗುವ ರೀತಿ, 2015ರಲ್ಲಿ ಅದೇ ವಿಧಾನವನ್ನು ಮತ್ತೆ ಮಾಡಿ ನೋಡಿದಾಗಲೂ ಬಹುಮಟ್ಟಿಗೆ ಹಾಗೆಯೇ ಬಂತು.

ಆದ್ದರಿಂದ ಆರು ಗಂಟೆಗಳ ಓದನ್ನು ಒಂದೇ ದಿನ ಸುರಿಯುವ ಬದಲು ಹಂಚಿಕೊಳ್ಳಿ. ಇಂದು ಓದಿ ಬರೆದದ್ದನ್ನು ನಾಳೆ ಒಮ್ಮೆ, ಮೂರು ನಾಲ್ಕು ದಿನಗಳ ನಂತರ ಒಮ್ಮೆ, ವಾರದಾಚೆ ಒಮ್ಮೆ, ತಿಂಗಳ ಕೊನೆಗೆ ಒಮ್ಮೆ ಪುಸ್ತಕ ಮುಚ್ಚಿ ಬರೆಯಿರಿ. ಈ ಅಂತರಗಳು ಶಾಸ್ತ್ರವಚನವಲ್ಲ. ಪರೀಕ್ಷೆ ದೂರವಿದ್ದರೆ ಅಂತರವೂ ಹಿಗ್ಗಬಹುದು. ತಾರೀಖುಗಳನ್ನು ಮಾತ್ರ ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿಡಿ, ಏಕೆಂದರೆ ‘ಮರೆತಂತೆ ಅನಿಸಿದಾಗ ನೋಡಿಕೊಳ್ಳುತ್ತೇನೆ’ ಎಂದವರಿಗೆ ಹಾಗೆ ಅನಿಸುವುದೇ ಇಲ್ಲ.

ಇಲ್ಲೊಂದು ಎಚ್ಚರಿಕೆ. ಮರೆವಷ್ಟೇ ನೆನಪಿನ ದೋಷವಲ್ಲ, ನೆನಪು ರೂಪವನ್ನೂ ಬದಲಿಸಿಕೊಳ್ಳುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಿಕೆಯನ್ನು ತೋರಿಸಿ, ಒಂದು ಗುಂಪನ್ನು ಕಾರುಗಳು ‘ಅಪ್ಪಳಿಸಿದಾಗ’ ಎಷ್ಟು ವೇಗವಿತ್ತು ಎಂದೂ ಇನ್ನೊಂದನ್ನು ‘ಬಡಿದಾಗ’ ಎಷ್ಟು ವೇಗವಿತ್ತು ಎಂದೂ ಕೇಳಿದರು. ಒಂದು ವಾರದ ನಂತರ ಒಡೆದ ಗಾಜನ್ನು ಕಂಡಿರಾ ಎಂಬ ಪ್ರಶ್ನೆಗೆ ಮೊದಲ ಗುಂಪಿನ 50 ಜನರಲ್ಲಿ 16 ಮಂದಿ, ಎರಡನೆಯ ಗುಂಪಿನ 50 ಜನರಲ್ಲಿ 7 ಮಂದಿ ಹೌದೆಂದರು. ಚಿತ್ರಿಕೆಯಲ್ಲಿ ಒಡೆದ ಗಾಜೇ ಇರಲಿಲ್ಲ. ಯಾವುದಾದರೂ ಅಪಘಾತಕ್ಕೋ ಜಗಳಕ್ಕೋ ನೀವು ಸಾಕ್ಷಿಯಾದರೆ, ಬೇರೆಯವರೊಂದಿಗೆ ಮಾತನಾಡುವ ಮೊದಲೇ ಕಂಡದ್ದನ್ನು ಸಮಯಸಹಿತ ಬರೆದಿಡಿ. ಆಮೇಲೆ ಕೇಳಿದ್ದು ಕಂಡದ್ದರೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ನಿದ್ದೆಯನ್ನು ಓದಿನ ವೇಳಾಪಟ್ಟಿಯೊಳಗೇ ಬರೆಯಿರಿ

ರಾತ್ರಿಯಿಡೀ ಎದ್ದು ಓದಿ ಪರೀಕ್ಷೆಗೆ ಹೋದ ಅನುಭವ ನನಗೂ ಇದೆ. ಉತ್ತರ ಯಾವ ಪುಟದ ಯಾವ ಮೂಲೆಯಲ್ಲಿತ್ತು ಎಂಬುದು ಕಣ್ಣಿಗೆ ಕಟ್ಟಿದಂತಿತ್ತು, ಅಲ್ಲಿ ಏನು ಬರೆದಿತ್ತು ಎಂಬುದು ಮಾತ್ರ ಬರಲಿಲ್ಲ. ಅದಕ್ಕೆ ಕಾರಣವೂ ಇದೆ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅಕ್ಷರಗುಚ್ಛಗಳನ್ನು ಕಲಿಸಿ, ನಿದ್ದೆಯ ನಂತರ ಮತ್ತು ಅಷ್ಟೇ ಹೊತ್ತಿನ ಎಚ್ಚರದ ನಂತರ ಪರೀಕ್ಷಿಸಿದಾಗ ನಿದ್ದೆಯ ನಂತರವೇ ಹೆಚ್ಚು ಉಳಿದಿತ್ತು. ಆಗಿನ ವಿವರಣೆ ಸರಳವಾಗಿತ್ತು: ಮಲಗಿದವರ ತಲೆಗೆ ಹೊಸ ವಿಷಯಗಳು ಬಂದು ಹಳೆಯದನ್ನು ಕದಡುವುದಿಲ್ಲ. ಇಂದಿನ ತಿಳಿವಳಿಕೆಯ ಪ್ರಕಾರ ಅದು ಅರ್ಧ ಮಾತು. ಗಾಢ ನಿದ್ದೆಯಲ್ಲಿ ಹಿಪೊಕ್ಯಾಂಪಸ್ ಹಗಲಿನ ಚಟುವಟಿಕೆಯ ಮಾದರಿಗಳನ್ನು ಮರಳಿ ಹಾಯಿಸುತ್ತದೆ, ಮತ್ತು ನೆನಪು ಗಟ್ಟಿಯಾಗುವುದರಲ್ಲಿ ಅದಕ್ಕೆ ಪಾಲಿದೆ ಎಂದು ಸಂಶೋಧಕರು ಭಾವಿಸುತ್ತಾರೆ.

ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷಗಳದ್ದು. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು. ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ವೇಗವಾಗಿ ಚಲಿಸುವ, ಸ್ಪಷ್ಟವಾದ ಕನಸುಗಳು ಬೀಳುವ ಹಂತ ಬೆಳಗಿನ ಜಾವದತ್ತ ಹೆಚ್ಚು. ಈ ಎರಡನೆಯ ಹಂತವನ್ನು ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದರು. ಹಾಗಾಗಿ ಅಲಾರಂ ಇಟ್ಟು ಎರಡು ಗಂಟೆ ಮೊದಲು ಎದ್ದವರು ಕಳೆದುಕೊಳ್ಳುವುದು ಎಲ್ಲ ಬಗೆಯ ನಿದ್ದೆಯ ಸಮಪಾಲನ್ನಲ್ಲ. ಕೊನೆಯಲ್ಲಿ ಬರಬೇಕಾಗಿದ್ದ ಹಂತದ ದೊಡ್ಡ ಪಾಲನ್ನು.

‘ನನಗೆ ಆರು ಗಂಟೆ ಸಾಕು’ ಎನ್ನುವವರು 2003ರಲ್ಲಿ ಹಾನ್ಸ್ ವಾನ್ ಡಾಂಗೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಆರೋಗ್ಯವಂತ ವಯಸ್ಕರಿಗೆ ಹದಿನಾಲ್ಕು ದಿನಗಳ ಕಾಲ ರಾತ್ರಿಗೆ ನಾಲ್ಕು, ಆರು ಅಥವಾ ಎಂಟು ಗಂಟೆ ಮಾತ್ರ ಮಲಗಲು ಅವಕಾಶವಿತ್ತು. ಆರು ಗಂಟೆ ಮತ್ತು ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿಯ ಕುಸಿತ ದಿನದಿಂದ ದಿನಕ್ಕೆ ಕೂಡುತ್ತ ಹೋಗಿ, ಒಂದರಿಂದ ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟವನ್ನು ತಲುಪಿತು. ಆದರೆ ತಮಗೆ ಎಷ್ಟು ತೂಕಡಿಕೆ ಇದೆ ಎಂದು ಅವರೇ ಹೇಳಿದ ಅಂಕ ಕೆಲವು ದಿನಗಳಲ್ಲಿ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತ್ತು. ಕೆಲಸ ಕೆಡುತ್ತಿದ್ದರೂ ಕೆಡುತ್ತಿದೆ ಎಂಬ ಅರಿವು ಇರಲಿಲ್ಲ. ಮೊದಲ ಹೆಜ್ಜೆಯಲ್ಲಿ ಮರುಓದಿನವರಿಗೆ ಇದ್ದ ಸುಳ್ಳು ಭರವಸೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಅನಿಸಿಕೆಯ ಬದಲಿಗೆ ದಿನಚರಿ ಇಡಿ. ಎರಡು ವಾರ, ಬೆಳಿಗ್ಗೆ ಎದ್ದ ಕೂಡಲೇ, ಮಲಗಿದ ಹೊತ್ತು, ನಿದ್ದೆ ಹತ್ತಿದ್ದು ಸುಮಾರು ಯಾವಾಗ, ಎಚ್ಚರವಾದ ಹೊತ್ತು, ನಡುವೆ ಎಷ್ಟು ಸಲ ಎದ್ದದ್ದು, ಹಗಲಿನಲ್ಲಿ ತೂಕಡಿಸಿದ್ದು, ಕೊನೆಯ ಕಾಫಿ ಅಥವಾ ಚಹಾ ಎಷ್ಟು ಹೊತ್ತಿಗೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ವಯಸ್ಕರಿಗೆ ಏಳು ಗಂಟೆ ಅಥವಾ ಹೆಚ್ಚು, ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ಎಂಬುದು ವೈದ್ಯಕೀಯ ಶಿಫಾರಸು. ನಿಮ್ಮ ಸರಾಸರಿಯನ್ನು ಅದರೊಂದಿಗೆ ಹೋಲಿಸಿ. ಕೊರತೆ ಕಂಡರೆ ಮಲಗುವ ಹೊತ್ತಿಗಿಂತ ಮೊದಲು ಏಳುವ ಹೊತ್ತನ್ನು ರಜಾದಿನವೂ ಸೇರಿದಂತೆ ಒಂದೇ ಕಡೆ ನಿಲ್ಲಿಸಿ, ಎದ್ದ ಮೇಲೆ ಹಗಲಿನ ಬೆಳಕಿಗೆ ಬನ್ನಿ, ಆಮೇಲೆ ಮಲಗುವ ಹೊತ್ತನ್ನು ಕಾಲು ಗಂಟೆಯಷ್ಟೇ ಹಿಂದಕ್ಕೆ ಸರಿಸುತ್ತ ಬನ್ನಿ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಕಳೆಯಲು ಸುಮಾರು ಐದು ಗಂಟೆ ಬೇಕು ಎಂಬ ಲೆಕ್ಕದಲ್ಲಿ ಮಧ್ಯಾಹ್ನದ ನಂತರದ ಕಾಫಿಯನ್ನು ತೂಗಿ ನೋಡಿ. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲೇ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ನೀರಸವಾದ ಏನನ್ನಾದರೂ ಮಾಡಿ, ಕಣ್ಣೆಳೆದಾಗ ಮರಳಿ ಬನ್ನಿ. ಅವಕಾಶವಿದ್ದೂ ವಾರಕ್ಕೆ ಮೂರು ರಾತ್ರಿಗಳಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ, ಅಥವಾ ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದರೆ, ಈ ಬಗೆಯ ಲೇಖನಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಿ. ನೀವು ಬರೆದ ದಿನಚರಿ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ನಿದ್ದೆಯಿಂದ ನೆರವಿಗೆ ಒಂದು ಸೇತುವೆಯೂ ಇದೆ. ಎಟಿ ಬೆನ್ ಸೈಮನ್, ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿದ್ದೆಗೆಟ್ಟವರಲ್ಲಿ ಇತರರಿಗೆ ನೆರವಾಗುವ ಇಚ್ಛೆ ಕುಗ್ಗಿದ್ದು ಕಂಡಿತು. ಅಮೆರಿಕದಲ್ಲಿ ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ವಾರದಲ್ಲಿ ದೇಣಿಗೆಯ ಮೊತ್ತ ಸುಮಾರು ಶೇ. 10ರಷ್ಟು ಇಳಿದದ್ದನ್ನೂ ಅವರು ದಾಖಲಿಸಿದರು. ಸಿಡುಕಿನ ದಿನ ‘ನಾನು ಕೆಟ್ಟವನಾಗುತ್ತಿದ್ದೇನೆಯೇ’ ಎಂದು ಕೊರಗುವ ಮೊದಲು ಹಿಂದಿನ ರಾತ್ರಿಯ ಸಾಲನ್ನು ದಿನಚರಿಯಲ್ಲಿ ನೋಡುವುದು ಒಳ್ಳೆಯದು.

ಐದನೆಯ ಹೆಜ್ಜೆ: ನೆರವನ್ನು ಸ್ವಭಾವವೆಂದು ಓದಬೇಡಿ, ಸಂದರ್ಭವೆಂದು ಓದಿ

ಈ ಅಧ್ಯಾಯ ಹೆಚ್ಚಾಗಿ 1964ರ ಮಾರ್ಚ್ 13ರಂದು ನ್ಯೂಯಾರ್ಕ್ ನಗರದಲ್ಲಿ ನಡೆದ ಕಿಟ್ಟಿ ಜೆನೊವೀಸ್ ಕೊಲೆಯಿಂದ ಆರಂಭವಾಗುತ್ತದೆ. 38 ಮಂದಿ ಕಿಟಕಿಗಳಿಂದ ನೋಡುತ್ತ ಸುಮ್ಮನಿದ್ದರು ಎಂಬ ಪತ್ರಿಕಾ ವರದಿ ಆ ದಿನಗಳಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಓದುವಾಗ ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿಕೊಳ್ಳಿ: 2007ರಲ್ಲಿ ರೇಚಲ್ ಮ್ಯಾನಿಂಗ್ ಮತ್ತು ಸಂಗಡಿಗರು ದಾಖಲೆಗಳನ್ನು ಪರಿಶೀಲಿಸಿ, 38 ಮಂದಿ ಇಡೀ ಘಟನೆಯನ್ನು ಕಂಡರೆಂಬ ಕಥೆಗೆ ಆಧಾರವಿಲ್ಲವೆಂದು ತೋರಿಸಿದರು. ಕಥೆ ತಪ್ಪಾದರೂ ಅದರಿಂದ ಹುಟ್ಟಿದ ಪ್ರಯೋಗಗಳು ಗಟ್ಟಿಯಾಗಿವೆ ಎಂಬುದು ವಿಜ್ಞಾನದ ಇತಿಹಾಸದ ಒಂದು ವಿಚಿತ್ರ.

ಜಾನ್ ಡಾರ್ಲಿ ಮತ್ತು ಬಿಬ್ ಲಾಟನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರತ್ಯೇಕ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿಗೆ ಧ್ವನಿವಾಹಕದ ಮೂಲಕ ಇನ್ನೊಬ್ಬರಿಗೆ ಅಪಸ್ಮಾರದ ಸೆಳೆತ ಬಂದಂತೆ ಕೇಳಿಸಲಾಯಿತು. ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ. 85 ಮಂದಿ ಸೆಳೆತ ಮುಗಿಯುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೊಬ್ಬರೂ ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇ. 62, ಇನ್ನೂ ನಾಲ್ವರಿದ್ದಾರೆ ಎಂದುಕೊಂಡವರಲ್ಲಿ ಶೇ. 31 ಮಾತ್ರ. ಏಳದೆ ಕುಳಿತವರು ಕಲ್ಲುಮನಸ್ಸಿನವರೇನಲ್ಲ. ಅನೇಕರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಹೊಣೆ ಹಲವರ ನಡುವೆ ಹಂಚಿಹೋಗಿ ಯಾರ ಪಾಲಿಗೂ ಪೂರ್ತಿ ಉಳಿಯದಂತಾಗಿತ್ತು.

ಅವರಿಬ್ಬರೂ ನಂತರ ನೆರವಿನ ದಾರಿಯನ್ನು ಐದು ಮೆಟ್ಟಿಲುಗಳಾಗಿ ವಿವರಿಸಿದರು: ಘಟನೆ ಕಣ್ಣಿಗೆ ಬೀಳಬೇಕು, ಅದು ತುರ್ತು ಎಂದು ಅರ್ಥವಾಗಬೇಕು, ಹೊಣೆ ನನ್ನದು ಎನಿಸಬೇಕು, ಏನು ಮಾಡಬೇಕೆಂದು ತಿಳಿದಿರಬೇಕು, ಮಾಡಲು ಮನಸ್ಸಾಗಬೇಕು. ಯಾವ ಮೆಟ್ಟಿಲಿನಲ್ಲಿ ಜಾರಿದರೂ ನೆರವು ನಿಲ್ಲುತ್ತದೆ. ಮೊದಲ ಮೆಟ್ಟಿಲೇ ಎಷ್ಟು ನಾಜೂಕೆಂಬುದಕ್ಕೆ 1973ರಲ್ಲಿ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಕಟಿಸಿದ ಅಧ್ಯಯನವಿದೆ. ಧರ್ಮಶಾಸ್ತ್ರದ ನಲವತ್ತು ವಿದ್ಯಾರ್ಥಿಗಳು ಉಪನ್ಯಾಸ ಕೊಡಲು ಇನ್ನೊಂದು ಕಟ್ಟಡಕ್ಕೆ ಹೋಗುವ ದಾರಿಯಲ್ಲಿ ಒಬ್ಬ ವ್ಯಕ್ತಿ ಕುಸಿದು ಕುಳಿತು ಕೆಮ್ಮುತ್ತಿದ್ದ. ಸಮಯವಿದ್ದವರಲ್ಲಿ ಶೇ. 63, ಸ್ವಲ್ಪ ಅವಸರದಲ್ಲಿದ್ದವರಲ್ಲಿ ಶೇ. 45, ತಡವಾಯಿತೆಂದು ಧಾವಿಸುತ್ತಿದ್ದವರಲ್ಲಿ ಶೇ. 10 ಮಂದಿ ನೆರವಾದರು. ಅವರಲ್ಲಿ ಕೆಲವರು ದಾರಿಯಲ್ಲಿ ಬಿದ್ದವನನ್ನು ಎತ್ತಿದ ದಯಾವಂತನ ಬೈಬಲ್ ಕಥೆಯನ್ನೇ ಕುರಿತು ಮಾತನಾಡಲು ಹೊರಟಿದ್ದರು. ಅದರಿಂದ ಗಣನೀಯ ವ್ಯತ್ಯಾಸವೇನೂ ಆಗಲಿಲ್ಲ. ನಲವತ್ತು ಜನ ಸಣ್ಣ ಗುಂಪು, ಹಾಗಾಗಿ ಶೇಕಡಾ ಅಂಕಿಗಳಿಗೆ ಜೋತುಬೀಳಬೇಡಿ. ಅವಸರ ಗಮನವನ್ನು ಕಿರಿದಾಗಿಸುತ್ತದೆ ಎಂಬುದನ್ನು ಹಿಡಿದುಕೊಳ್ಳಿ.

ಜನ ಸೇರಿದಲ್ಲಿ ಯಾರೂ ನೆರವಾಗುವುದಿಲ್ಲ ಎಂಬ ತೀರ್ಮಾನಕ್ಕೂ ಜಿಗಿಯಬಾರದು. ರಿಚರ್ಡ್ ಫಿಲ್ಪಾಟ್ ಮತ್ತು ಸಂಗಡಿಗರು ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್ ಮತ್ತು ಲ್ಯಾಂಕಾಸ್ಟರ್ ನಗರಗಳ ಬೀದಿ ಕ್ಯಾಮೆರಾಗಳಲ್ಲಿ ದಾಖಲಾದ 219 ಜಗಳಗಳನ್ನು ನೋಡಿದಾಗ, ಹತ್ತರಲ್ಲಿ ಒಂಬತ್ತರಲ್ಲಿ ಕನಿಷ್ಠ ಒಬ್ಬ ದಾರಿಹೋಕ ಮಧ್ಯೆ ಪ್ರವೇಶಿಸಿದ್ದ. ಜನ ಹೆಚ್ಚಿದ್ದಷ್ಟೂ ಯಾರಾದರೊಬ್ಬರು ಮುಂದೆ ಬರುವ ಸಾಧ್ಯತೆಯೂ ಹೆಚ್ಚಿತ್ತು. ಪ್ರಯೋಗಾಲಯ ಕೇಳಿದ್ದು ಒಬ್ಬೊಬ್ಬ ವ್ಯಕ್ತಿ ಏಳುವನೇ ಎಂದು. ಬೀದಿಯ ಅಧ್ಯಯನ ಕೇಳಿದ್ದು ಬಿದ್ದವನಿಗೆ ಯಾರಿಂದಲಾದರೂ ನೆರವು ಸಿಕ್ಕಿತೇ ಎಂದು. ಪ್ರಶ್ನೆಗಳು ಬೇರೆ, ಆದ್ದರಿಂದ ಉತ್ತರಗಳೂ ಬೇರೆ.

ಆರನೆಯ ಹೆಜ್ಜೆ: ‘ಹೀಗಾದರೆ ಹೀಗೆ’ ಎಂದು ಮೊದಲೇ ಬರೆದಿಡಿ

‘ಒಳ್ಳೆಯವನಾಗಿರುತ್ತೇನೆ’, ‘ಬೇಗ ಮಲಗುತ್ತೇನೆ’ ಎಂಬ ಸಂಕಲ್ಪಗಳು ಸಂದರ್ಭ ಬಂದಾಗ ನೆನಪಾಗುವುದಿಲ್ಲ. ಇಂಥ ಸನ್ನಿವೇಶ ಎದುರಾದರೆ ಇಂಥ ಕೆಲಸ ಮಾಡುತ್ತೇನೆ ಎಂದು ಎರಡನ್ನೂ ಜೋಡಿಸಿಟ್ಟ ಸಂಕಲ್ಪ ಹೆಚ್ಚಾಗಿ ಕಾರ್ಯರೂಪಕ್ಕೆ ಬರುತ್ತದೆ ಎಂಬುದನ್ನು ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆ ತೋರಿಸಿದೆ. ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಅಂಥ ಮೂರು ಸಾಲುಗಳನ್ನು ಬರೆಯಿರಿ. ನೆನಪಿಗೆ: ‘ಒಂದು ಭಾಗ ಓದಿ ಮುಗಿದರೆ, ಪುಟ ತಿರುಗಿಸುವ ಮೊದಲು ಪುಸ್ತಕ ಮುಚ್ಚಿ ಐದು ಸಾಲು ಬರೆಯುತ್ತೇನೆ.’ ನಿದ್ದೆಗೆ: ‘ಗಡಿಯಾರ ಹತ್ತು ತೋರಿಸಿದರೆ, ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕುತ್ತೇನೆ.’ ನೆರವಿಗೆ: ‘ನೆಲದ ಮೇಲೆ ಬಿದ್ದವರ ಸುತ್ತ ಜನ ಸುಮ್ಮನೆ ನಿಂತಿದ್ದರೆ, ಹತ್ತಿರ ಹೋಗಿ ಹೇಗಿದ್ದೀರಿ ಎಂದು ಕೇಳುತ್ತೇನೆ.’ ಕೇಳುವುದು ಸಣ್ಣ ಕೆಲಸ, ಆದರೆ ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳನ್ನು ಅದು ಒಟ್ಟಿಗೆ ಹತ್ತಿಸುತ್ತದೆ. ನಾಲ್ಕನೆಯದಕ್ಕೆ, ಅಂದರೆ ಏನು ಮಾಡಬೇಕೆಂಬ ತಿಳಿವಳಿಕೆಗೆ, ಒಂದು ಪ್ರಥಮ ಚಿಕಿತ್ಸಾ ತರಬೇತಿಗೆ ಹೆಸರು ಕೊಡಿ. ಓದಿನಿಂದ ಅದು ಬರುವುದಿಲ್ಲ.

ನೆರವು ನಿಮಗೇ ಬೇಕಾದಾಗ ಇದೇ ಮೆಟ್ಟಿಲುಗಳನ್ನು ತಿರುಗಿಸಿ ಬಳಸಿ. ‘ಯಾರಾದರೂ ಬನ್ನಿ’ ಎಂದು ಕೂಗಿದರೆ ಹೊಣೆ ಗಾಳಿಯಲ್ಲಿ ತೇಲುತ್ತದೆ. ಒಬ್ಬರ ಕಡೆ ಬೆರಳು ತೋರಿಸಿ, ‘ನೀಲಿ ಅಂಗಿಯವರೇ, ನನಗೆ ಎದೆನೋವು ಬಂದಿದೆ, ಆಂಬುಲೆನ್ಸ್‌ಗೆ ಈಗಲೇ ಫೋನ್ ಮಾಡಿ’ ಎಂದು ಹೇಳಿ. ಆ ಒಂದು ವಾಕ್ಯದಲ್ಲಿ ಗಮನ, ತುರ್ತು, ಹೊಣೆ, ಮಾಡಬೇಕಾದ ಕೆಲಸ ಎಲ್ಲವೂ ಇವೆ.

ಈಗ ಈ ಲೇಖನವನ್ನು ಮುಚ್ಚಿ, ಐದು ಮೆಟ್ಟಿಲುಗಳನ್ನು ಮತ್ತು ಎಬ್ಬಿಂಗ್‌ಹೌಸ್ ಅಳೆದದ್ದು ಏನನ್ನು ಎಂಬುದನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ತುಂಬಿ, ನಾಳೆಯ ತಾರೀಖಿನ ಎದುರು ಅದೇ ಎರಡು ಪ್ರಶ್ನೆಗಳನ್ನು ಮತ್ತೆ ಬರೆದಿಟ್ಟು ಮಲಗಿ.